ಸುರಾಹಿಯಿಂದ ಸುರಿದ ಸೀರೆ: ಬೀದರಿನ ಒಂದು ಫ್ಯಾಂಟಸಿ ಶೂಟ್‌ನ ಕಥೆ

ನಾನು ಬೀದರಿನಲ್ಲಿ ಮದುವೆ ಫೋಟೊ ತೆಗೆಯುವವನು. ಇಪ್ಪತ್ತು ವರ್ಷವಾಯಿತು. ಆದರೆ ಈ ಪ್ರಕರಣದಲ್ಲಿ ಫೋಟೊಗ್ರಾಫರ್ ನಾನಲ್ಲ. ನನ್ನ ಸ್ಟುಡಿಯೋದಲ್ಲಿ ಮೂರು ವರ್ಷ ಕೆಲಸ ಕಲಿತು, ಈಗ ತಾನೇ ಫ್ಯಾಷನ್ ಫೋಟೊ ಮಾಡುತ್ತಿರುವ ಹುಡುಗಿ. ನನಗೆ ಕಾಕಾ ಅನ್ನುತ್ತಾಳೆ. ನಾನು ಅವತ್ತು ಲೈಟ್ ಸ್ಟ್ಯಾಂಡ್ ಹಿಡಿದು ನಿಂತವನು, ನಡುನಡುವೆ ಬೇಡದ ಸಲಹೆ ಕೊಟ್ಟವನು.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸೀರೆ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಇಳಕಲ್ ಸೀರೆಗಳಿಗೆ 12 ಫೋಟೊ ಕೇಳಿದ್ದರು. ವಾಟ್ಸ್ಆಪ್‌ಗೆ, ಇನ್‌ಸ್ಟಾಗ್ರಾಂಗೆ, ಅಂಗಡಿ ಮುಂದಿನ ದೊಡ್ಡ ಫ್ಲೆಕ್ಸ್‌ಗೆ. ಅವರು ಹೇಳಿದ್ದು ಇಷ್ಟೇ: "ಎಲ್ಲಾರಂಗ ಗಿಡದ ಕೆಳಗ ನಿಂದ್ರಿಸಿ ತೆಗೀಬ್ಯಾಡ್ರಿ. ಕಥಿಯೊಳಗಿನ ಹೆಣ್ಮಗಳು ಉಟ್ಟಂಗ ಇರ್ಬೇಕು. ಆದ್ರ ಸೀರಿ ಕಾಣ್ಬೇಕ್ ನೋಡ್ರಿ." ಕೊನೆಯ ಮಾತನ್ನು ನಾವಿಬ್ಬರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ತಾಪತ್ರಯ ಅಲ್ಲಿಂದಲೇ ಶುರುವಾಯಿತು.

ಅವಳ ಕಣ್ಣು

ಈ ಹುಡುಗಿಯ ಶೈಲಿ ಹೇಗೆ ಅಂತ ಮೊದಲು ಹೇಳಬೇಕು. ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಅದರಲ್ಲಿ ಪೆನ್ಸಿಲ್‌ನಿಂದ ಚಿತ್ರ ಗೀಚುತ್ತಾಳೆ. ಬಾವಿಯೊಳಗೆ ಚಂದಿರ, ಮನೆಗಿಂತ ದೊಡ್ಡ ಕೋಳಿ, ಜಡೆ ಬಿಚ್ಚಿದರೆ ಹೊಳೆ. ಎಲ್ಲ ಅವಳ ಅಜ್ಜಿ ಹೇಳಿದ ಕಥೆಗಳಿಂದ ಬಂದದ್ದು. ಏಳು ಸಮುದ್ರದ ಆಚೆ ಗಿಳಿ, ಗಿಳಿಯಲ್ಲಿ ರಾಕ್ಷಸನ ಪ್ರಾಣ, ಅಂಥವು.

ಅಜ್ಜಿಯ ಕಥೆಗಳಿಂದ ಅವಳು ಒಂದು ಸೂತ್ರ ತೆಗೆದಿದ್ದಾಳೆ. "ಕಾಕಾ, ಕಥಿಯೊಳಗ ಸುಳ್ಳು ಒಂದೇ ಇರ್ತದ. ಉಳಿದದ್ದೆಲ್ಲ ಖರೇ." ಗಿಳಿಯಲ್ಲಿ ಪ್ರಾಣ ಇರುವುದು ಸುಳ್ಳು. ಆದರೆ ರಾಜಕುಮಾರಿಗೂ ಹಸಿವಾಗುತ್ತದೆ, ನೀರು ತರಲು ಹೋಗುತ್ತಾಳೆ, ಕಾಲಿಗೆ ಮುಳ್ಳು ಚುಚ್ಚುತ್ತದೆ. ಸತ್ಯದ ತಲೆ ಮೇಲೆ ಹೊಡೆದಂಗೆ ಸುಳ್ಳು ಹೇಳುವುದು ಅನ್ನುತ್ತೇವಲ್ಲ, ಅದೇ.

ಲಂಡನ್‌ನ ಟಿಮ್ ವಾಕರ್ ಅಂದರೆ ಅವಳಿಗೆ ಪ್ರಾಣ. 1970ರಲ್ಲಿ ಹುಟ್ಟಿದ ಈತ ಫ್ಯಾಷನ್ ಫೋಟೊಗೆ ದೈತ್ಯ ಗಾತ್ರದ ಗೊಂಬೆ ಮಾಡಿಸುತ್ತಾನೆ, ಬೆಕ್ಕುಗಳಿಗೆ ಬಣ್ಣದ ಪುಡಿ ಹಚ್ಚಿಸುತ್ತಾನೆ. ಹೆಚ್ಚಿನದು ಕ್ಯಾಮೆರಾ ಮುಂದೆ ಖರೇಖರೇ ಇಟ್ಟ ವಸ್ತು. ನಮ್ಮ ದೇಶಕ್ಕೂ ಬಂದಿದ್ದಾನೆ. 2005ರಲ್ಲಿ ಗುಜರಾತಿನ ವಢವಾಣದಲ್ಲಿ ಸುರುಳಿ ಮೆಟ್ಟಿಲ ಮೇಲೆ ರೂಪದರ್ಶಿಯನ್ನು ನಿಲ್ಲಿಸಿ ತೆಗೆದ ಚಿತ್ರ ಅವಳ ಫೋನಿನ ವಾಲ್‌ಪೇಪರ್. ಇನ್ನೊಬ್ಬರು ಇಂಗ್ಲೆಂಡಿನ ಕರ್ಸ್ಟಿ ಮಿಚೆಲ್. ಮೊದಲು ಬಟ್ಟೆ ವಿನ್ಯಾಸ ಮಾಡುತ್ತಿದ್ದವರು. ತಾಯಿ ತೀರಿಕೊಂಡ ನೋವಿನಲ್ಲಿ 2009ರಲ್ಲಿ ಒಂದು ಚಿತ್ರಮಾಲೆ ಶುರು ಮಾಡಿ ಐದು ವರ್ಷ ತಗೊಂಡರು. ಉಡುಪು, ಕಿರೀಟ ತಾವೇ ಕೈಯಾರೆ ಮಾಡಿ, ಕಾಡಿನಲ್ಲಿ ಹೂವು ಅರಳುವ ತನಕ ಕಾಯುತ್ತಿದ್ದರು. "ಹೂವಿಗಾಗಿ ವರ್ಷ ಕಾಯೋದು ಅಂದ್ರ ಏನ್ ಕಾಕಾ!" ಅನ್ನುತ್ತಾಳೆ. ನಾನು ಮದುವೆಯಲ್ಲಿ ಮದುಮಗನಿಗಾಗಿ ಹತ್ತು ನಿಮಿಷ ಕಾಯುವುದಿಲ್ಲ.

ಮೊದಲ ಸಲ ಕೆಟ್ಟದ್ದು

ಅಕ್ಟೋಬರ್‌ನಲ್ಲಿ ಬೀದರ ಕೋಟೆಗೆ ಹೋದೆವು. ಅವಳಿಗೆ ರಂಗೀನ್ ಮಹಲ್ ಮೇಲೆ ಚಿಕ್ಕಂದಿನಿಂದ ಕಣ್ಣು. ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವಿದೆ. ಕಪ್ಪಿನ ಮೇಲೆ ಬಿಳಿ ಹೊಳಪು. ಕಪ್ಪು ಇಳಕಲ್ ಸೀರೆಗೆ ಅದು ಹೇಳಿ ಮಾಡಿಸಿದ ಜಾಗ ಅನ್ನಿಸಿತ್ತು.

ಛತ್ರಿ ಲೈಟ್ ಬಿಚ್ಚಿದ ಎರಡನೇ ನಿಮಿಷಕ್ಕೆ ಕಾವಲಿನವರು ಬಂದರು. ತಪ್ಪು ಅವರದಲ್ಲ, ನಮ್ಮದೇ. ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟ್ ಇಟ್ಟು ವ್ಯಾಪಾರಕ್ಕೆ ಫೋಟೊ ತೆಗೆಯಲು ಮೊದಲೇ ಅನುಮತಿ ಬೇಕು. ಇಪ್ಪತ್ತು ವರ್ಷದ ಅನುಭವ ಇರುವ ನಾನೇ ಸುಮ್ನೆ ನೋಡೋಣ ನಡಿ ಅಂದಿದ್ದೆ. ಬರಿಗೈಯಲ್ಲಿ ಕ್ಯಾಮೆರಾ ಹಿಡಿದು ಕಮಾನುಗಳ ನಾಲ್ಕು ಫೋಟೊ ತಗೊಂಡು ವಾಪಸ್ ಬಂದೆವು.

ಆಮೇಲೆ ಅವಳು ಮಾಡಿದ್ದು ಈಗಿನ ಎಲ್ಲರೂ ಮಾಡುವ ಕೆಲಸ. ರೂಪದರ್ಶಿಯನ್ನು ಸ್ಟುಡಿಯೋದಲ್ಲಿ ತೆಗೆದು, ಕಂಪ್ಯೂಟರ್‌ನಲ್ಲಿ ಕೋಟೆಯ ಕಮಾನಿಗೆ ಅಂಟಿಸಿದಳು. ಮಂಜು ಹಾಕಿದಳು, ದೊಡ್ಡ ಚಂದಿರ ಹಾಕಿದಳು, ಹಕ್ಕಿಗಳ ಗುಂಪು ಹಾರಿಸಿದಳು. ಮೊದಲ ನೋಟಕ್ಕೆ ಚಂದವೇ. ನಾನು ಝೂಮ್ ಮಾಡಿ ತೋರಿಸಿದೆ. ಕಮಾನಿನ ನೆರಳು ಎಡಕ್ಕೆ ಬಿದ್ದಿದೆ, ಹುಡುಗಿಯ ಮೂಗಿನ ನೆರಳು ಬಲಕ್ಕೆ. ಕಾಲ ಕೆಳಗೆ ನೆರಳೇ ಇಲ್ಲ. ದೆವ್ವಕ್ಕೆ ನೆರಳಿಲ್ಲ ಅಂತ ಹಿರಿಯರು ಹೇಳುತ್ತಿದ್ದರಲ್ವಾ?

ಅಂಗಡಿಯ ಅಕ್ಕನಿಗೆ ನೆರಳಿನ ಲೆಕ್ಕ ಗೊತ್ತಿಲ್ಲ. ಆದರೂ ಅವರು ಹೇಳಿದ್ದು ಅದಕ್ಕಿಂತ ಖಾರ. "ಚಂದ ಅದರಿ. ಆದ್ರ ಇಂಥಾವು ನನ್ ಫೋನ್‌ನ್ಯಾಗ ದಿನಾ ಹತ್ತು ಬರ್ತಾವ." ಅವಳ ಸೂತ್ರ ಅವಳೇ ಮರೆತಿದ್ದಳು. ಒಂದು ಸುಳ್ಳಿನ ಜಾಗದಲ್ಲಿ ಐದು ಸುಳ್ಳು ಹೇಳಿದ್ದಳು.

ಮಣ್ಣಿನಿಂದ ಬಂದ ಐಡಿಯಾ

ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ಚೌಬಾರಾ ಕಡೆಯ ಓಣಿಯಲ್ಲಿ ಬಿದರಿ ಕೆಲಸ ಮಾಡುವ ಉಸ್ತಾದರೊಬ್ಬರ ಹತ್ತಿರ ಹೋಗಿ ಕೂತಳು. ನಾನೂ ಜತೆಗೆ ಹೋದೆ. ಬೀದರಿನಲ್ಲೇ ಹುಟ್ಟಿ ಬೆಳೆದರೂ ಬಿದರಿ ಕೆಲಸ ಪೂರ್ತಿ ಕೂತು ನೋಡಿದ್ದು ಅವತ್ತೇ ಮೊದಲು. 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿಕೊಂಡಿದ್ದೆ, ಅಷ್ಟೇ ನನ್ನ ಸಂಬಂಧ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತ ಹಚ್ಚಿ ಮೇಲ್ಮೈ ಕಪ್ಪಾಗಿಸುತ್ತಾರೆ. ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಸಂದಿನಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜಿದರೆ ಕಪ್ಪು ಹೋಗಿ ಎಲ್ಲ ಬೂದು ಬೆಳ್ಳಗೆ. ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ನೀರಿನಲ್ಲಿ ಬಿಸಿ ವಸ್ತುವನ್ನು ತಿಕ್ಕುತ್ತಾರೆ. ನೋಡ್ತಾ ನೋಡ್ತಾ ಸತು ಕಾಡಿಗೆಯಂಥ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಬಿಳಿ. ಮೇಲೆ ಎಣ್ಣೆ ಒರೆಸಿದರೆ ಕಪ್ಪು ಇನ್ನೂ ಆಳಕ್ಕೆ ಇಳಿಯುತ್ತದೆ.

ಉಸ್ತಾದರು 6 ಇಂಚಿನ ಒಂದು ಸುರಾಹಿ, ಅಂದರೆ ಉದ್ದ ಕತ್ತಿನ ಹೂಜಿ, ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಕಣ್ಣ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ನೋಡಿದಳು. "ಕಾಕಾ, ಇದು ನನಗಿಂತ ಎತ್ತರ ಇದ್ರ?"

ನನಗೆ ಕೂಡಲೇ ಹಳೆಯ ಟ್ರಿಕ್ ನೆನಪಾಯಿತು. ಮಾಡಿಸುವುದು ಯಾಕೆ? ಕ್ಯಾಮೆರಾದಿಂದ 2 ಅಡಿ ದೂರದಲ್ಲಿ ಈ ಸುರಾಹಿ ಇಡು, ಹುಡುಗಿಯನ್ನು 30 ಅಡಿ ದೂರದಲ್ಲಿ ನಿಲ್ಲಿಸು. 15 ಪಟ್ಟು ದೂರ ಅಂದರೆ 15 ಪಟ್ಟು ಎತ್ತರ. 6 ಇಂಚಿನ ಸುರಾಹಿ ಹುಡುಗಿ ಪಕ್ಕ ಏಳೂವರೆ ಅಡಿ ಇದ್ದಂತೆ ಕಾಣುತ್ತದೆ. ಖರ್ಚು ಸೊನ್ನೆ. ಉಸ್ತಾದರ ಸುರಾಹಿ ಸಾಲ ತಗೊಂಡು ನಮ್ಮ ಮಾಳಿಗೆ ಮೇಲೆ ಮಾಡಿಯೂ ತೋರಿಸಿದೆ. 24 ಎಂಎಂನ ಅಗಲ ನೋಟದ ಲೆನ್ಸ್, ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್/16, ಫೋಕಸ್ 4 ಅಡಿಗೆ. ಸುರಾಹಿಯೂ ಸ್ಪಷ್ಟ, ಹುಡುಗಿಯೂ ಸ್ಪಷ್ಟ. ನನಗೆ ಎದೆ ಉಬ್ಬಿತು.

ಅವಳು ಫೋಟೊ ಬಹಳ ಹೊತ್ತು ನೋಡಿದಳು. "ಇದರ ನೆರಳು ಅಕಿ ಮ್ಯಾಲ ಬೀಳಲ್ಲ ಕಾಕಾ. ಅಕಿ ಇದನ್ನ ಮುಟ್ಟಕ್ಕೂ ಆಗಲ್ಲ."

ಮುಟ್ಟಲಾಗದಿದ್ದರೆ ಏನಾಯಿತು ಅಂತ ನಾನು ವಾದ ಮಾಡಿದೆ. ಈಗ ನನ್ನ ಆ ಫೋಟೊ, ಆಮೇಲೆ ಅವಳು ದೊಡ್ಡ ಸುರಾಹಿ ಮಾಡಿಸಿಯೇ ತೆಗೆದ ಫೋಟೊ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಾದಕ್ಕೆ ಜಾಗವೇ ಇಲ್ಲ. ನನ್ನದು ಮಾಳಿಗೆ ಮೇಲೆ ಆಡಿದ ಚಮತ್ಕಾರ. ನೋಡಿದವರು ಹೆಂಗ್ ಮಾಡಿದ್ರಿ ಅಂತ ಕೇಳುತ್ತಾರೆ. ಅವಳದರಲ್ಲಿ ಆ ಪ್ರಶ್ನೆ ಬರುವ ಮೊದಲು ಸುರಾಹಿಯ ಹೊಟ್ಟೆಗೆ ಆನಿಸಿದ ಹುಡುಗಿಯ ಕೈ ಕಾಣುತ್ತದೆ, ಆ ಕೈಯ ಭಾರ ಕಾಣುತ್ತದೆ.

ಎಂಟಡಿ ಸುರಾಹಿ

ಗಣಪತಿ ಹಬ್ಬಕ್ಕೆ, ಮದುವೆಗೆ ಮಂಟಪ ಕಟ್ಟುವ ಮಾಮಾ ಒಬ್ಬರು ಕೆಲಸ ಒಪ್ಪಿಕೊಂಡರು. ಬೊಂಬಿನ ಪಟ್ಟಿ ಬಗ್ಗಿಸಿ ಅಸ್ಥಿಪಂಜರ ಕಟ್ಟಿದರು. ಮೇಲೆ ಗೋಣಿತಟ್ಟು, ಅದರ ಮೇಲೆ ರದ್ದಿ ಪೇಪರ್ ಮತ್ತು ಅಂಟು, ನಾಲ್ಕು ಪದರ. ಒಣಗಲು ಐದು ದಿನ. ಎತ್ತರ 8 ಅಡಿ. ಕಪ್ಪು ಡಿಸ್ಟೆಂಪರ್ ಬಳಿದರೆ ಬಿಸಿಲಿನಲ್ಲಿ ಸ್ಲೇಟಿನ ಹಾಗೆ ಬೂದು ಕಂಡಿತು. ಉಸ್ತಾದರ ಎಣ್ಣೆ ನೆನಪಾಗಿ ಶೇಂಗಾ ಎಣ್ಣೆ ಒರೆಸಿದೆವು. ಕಪ್ಪು ಬಂತು, ಮರುದಿನ ಇರುವೆಯೂ ಬಂತು. ಮಾಮಾ ಬೈದದ್ದು ಬರೆಯುವಂತಿಲ್ಲ.

ಬೆಳ್ಳಿ ತಂತಿಯ ಬದಲು ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಕತ್ತರಿಸಿ ಹೂಬಳ್ಳಿ ಅಂಟಿಸಿದೆವು. ಹೊರಗೆ ತಂದರೆ ಬಳ್ಳಿ ನೀಲಿ! ಫಾಯಿಲ್‌ಗೆ ತನ್ನದೇ ಬಣ್ಣ ಇಲ್ಲ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗಿದ್ದದ್ದು ಆಕಾಶ. ಅವಳು ಎಲ್ಲ ಕಿತ್ತು, ಫಾಯಿಲ್ ಮುದುಡಿ ಉಂಡೆ ಮಾಡಿ, ಮತ್ತೆ ಬಿಡಿಸಿ, ಚಮಚದ ಬೆನ್ನಿನಿಂದ ತೀಡಿ ಅಂಟಿಸಿದಳು. ಸಣ್ಣ ಸುಕ್ಕುಗಳಿಂದ ಬೆಳಕು ನೂರು ಕಡೆ ಚದುರಿತು. ದೂರದಿಂದ ಬಡಿದ ಬೆಳ್ಳಿಯೇ. ಹತ್ತಿರ ಹೋದರೆ ಚಪಾತಿ ಸುತ್ತಿದ ಫಾಯಿಲ್.

"ಸೀರಿ ಎಲ್ಲದ?"

ನವೆಂಬರ್ ನಡುವಿನಲ್ಲಿ, ಕಮಠಾಣ ರಸ್ತೆಯಲ್ಲಿ ಪರಿಚಯದವರ ಹೊಲ. ಕೆಂಪು ಮಣ್ಣಿನ ದಿಬ್ಬ, ಹಿಂದೆ ಹೂವು ಬಿಟ್ಟ ತೊಗರಿ. ಸುರಾಹಿಯನ್ನು ಟಂಟಂನಲ್ಲಿ ಮಲಗಿಸಿ ತಂದು, ಬುಡದೊಳಗೆ ಮಣ್ಣು ತುಂಬಿದ ಚೀಲ ಇಟ್ಟು ನಿಲ್ಲಿಸಿದೆವು. ರೂಪದರ್ಶಿ ನರ್ಸಿಂಗ್ ಓದುವ ಹುಡುಗಿ. ಕಪ್ಪು ಇಳಕಲ್, ಬೆಳ್ಳಿ ಡಾಬು, ಮೂಗುತಿ, ಬೇರೆ ಏನೂ ಇಲ್ಲ.

ಫೋಟೊ ಅದ್ಭುತವಾಗಿ ಬಂತು ಅಂದುಕೊಂಡು ಹೊಲದಿಂದಲೇ ಅಕ್ಕನಿಗೆ ಕಳಿಸಿದಳು. ಎರಡು ನಿಮಿಷಕ್ಕೆ ಫೋನ್ ಬಂತು.

"ಹುಡುಗಿ ಚಂದ ಅದಾಳ, ಸುರಾಹಿ ಚಂದ ಅದ. ನನ್ ಸೀರಿ ಎಲ್ಲದ?"

ಖರೇನೇ. ಕಪ್ಪು ಸುರಾಹಿ ಪಕ್ಕ ಕಪ್ಪು ಸೀರೆ. ಕತ್ತು, ಕೈ, ಡಾಬು ಗಾಳಿಯಲ್ಲಿ ತೇಲುತ್ತಿದ್ದವು. ಹತ್ತಿಯ ಕಪ್ಪು ಬೆಳಕನ್ನು ನುಂಗುತ್ತದೆ. ಕ್ಯಾಮೆರಾದ ಮೀಟರ್ ಬೇರೆ ಮೋಸ ಮಾಡುತ್ತದೆ. ಅದಕ್ಕೆ ಲೋಕವೆಲ್ಲ ಬೂದು ಬಣ್ಣ. ಕಪ್ಪು ಜಾಸ್ತಿ ಇದ್ದರೆ ಬೆಳಕು ಸಾಲದು ಅಂದುಕೊಂಡು ಹೆಚ್ಚು ಬೆಳಕು ಎಳೆದುಕೊಳ್ಳುತ್ತದೆ, ಕಪ್ಪು ಬೂದಿಯಾಗುತ್ತದೆ. ಅದನ್ನು ತಪ್ಪಿಸಲು ಅವಳು ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿದ್ದಳು. ಸುರಾಹಿ ಉಳಿಯಿತು, ಸೀರೆ ಮುಳುಗಿತು. ಇನ್ನೊಂದು, ಸೆರಗನ್ನು ಬೆನ್ನ ಹಿಂದೆ ಬಿಟ್ಟಿದ್ದಳು. ಇಳಕಲ್ ಸೀರೆಯ ಜೀವವೇ ತೋಪ ತೆನೆ ಸೆರಗು. ಕೆಂಪಿನ ಮೇಲೆ ಬಿಳಿಯ ಸಾಲು ಗೋಪುರಗಳು. ಮೈ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಇಳಕಲ್ ಗುರುತು ಹಿಡಿಯುವುದೇ ಆ ಸೆರಗು ನೋಡಿ.

ನಾನು ಸೀರೆ ಬದಲಾಯಿಸೋಣ, ಹಸಿರು ಉಡಿಸೋಣ ಅಂದೆ. ಅಷ್ಟರಲ್ಲಿ ಅಕ್ಕ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದರು. "ಆ ಸುರಾಹಿ ಒಳಗಿಂದ ಏನರ ಬರ್ಬೇಕಲ್ರಿ? ಖಾಲಿ ಸುರಾಹಿ ಇಟ್ಕೊಂಡು ಏನ್ ಮಾಡ್ತೀರಿ?"

ಅಂಗಡಿಯವರ ಮಾತು. ಖಾಲಿ ಡಬ್ಬಿ ಮಾರಿ ಗೊತ್ತಿಲ್ಲದವರ ಮಾತು. ನಮ್ಮ ಹುಡುಗಿ ಅಲ್ಲೇ ಮಣ್ಣಿನ ಮೇಲೆ ಕೂತು ನೋಟ್‌ಬುಕ್ ತೆಗೆದಳು. ಸುರಾಹಿಯ ಬಾಯಿಯಿಂದ ಕೆಂಪು ಧಾರೆ ಇಳಿಯುತ್ತದೆ. ಇಳಿಯುತ್ತಾ ಹುಡುಗಿಯ ಹೆಗಲಿಗೆ ಬರುತ್ತದೆ. ಹೆಗಲಿನಿಂದ ಸೀರೆಯಾಗುತ್ತದೆ.

ಒಂದೇ ತೊಡಕು, ಬಟ್ಟೆ ಸಾಲದು. ಆರು ಗಜದ ಸೀರೆ ಉಟ್ಟ ಮೇಲೆ ಉಳಿಯುವ ಸೆರಗು ಸುರಾಹಿಯ ಕತ್ತಿಗೂ ಮುಟ್ಟುವುದಿಲ್ಲ. ಎರಡು ಸೀರೆ ಜೋಡಿಸಿ ಪಿನ್ ಹಾಕೋಣ ಅಂದೆ. ಒಪ್ಪಲಿಲ್ಲ. "ಅದು ಎರಡನೇ ಸುಳ್ಳು ಆಗ್ತದ ಕಾಕಾ." ಮತ್ತೆ ಅಕ್ಕನಿಗೇ ಫೋನ್. ಅವರ ಹತ್ತಿರ ಮುದುಕಿಯರು ಕೇಳುತ್ತಾರೆ ಅಂತ ಇಟ್ಟಿದ್ದ ಹದಿನೆಂಟು ಮೊಳದ ಸೀರೆ ಒಂದೇ ಒಂದಿತ್ತು. ಅಂದರೆ 9 ಗಜ, 27 ಅಡಿ. ಉಡಲು 16 ಅಡಿ ಹೋದರೂ 11 ಅಡಿ ಉಳಿಯುತ್ತದೆ. ಅದೂ ಕಪ್ಪು ಮೈ, ಕೆಂಪು ಸೆರಗು. ಮರುದಿನ ಕಲಬುರಗಿಯಿಂದ ರೈಲಿನಲ್ಲಿ ಬಂತು. 2017ರಲ್ಲಿ ಆ ಲೈನ್ ಶುರುವಾಗದಿದ್ದರೆ ಬಸ್ಸಿನಲ್ಲಿ ಯಾರನ್ನಾದರೂ ಕಾಡಬೇಕಿತ್ತು.

ಮೂರನೇ ಬೆಳಗ್ಗೆ

ಆರೂವರೆ ಹೊತ್ತಿಗೆ ಸೂರ್ಯ ತೊಗರಿ ಹೊಲದ ಹಿಂದೆ ಎದ್ದ. ಅವಳು ಸೂರ್ಯನನ್ನು ಸುರಾಹಿಯ ಎಡ ಹಿಂಬದಿಗೆ ಇಟ್ಟುಕೊಂಡಳು. ನಾನು ಬಲ ಹಿಂಬದಿಯಿಂದ ಒಂದು ಫ್ಲಾಶ್ ಹಿಡಿದೆ. ಎದುರಿನಿಂದ ಲೈಟ್ ಇಲ್ಲ, ದೂರದಲ್ಲಿ ಒಂದು ಬಿಳಿ ಥರ್ಮಾಕೋಲ್ ಶೀಟ್ ಅಷ್ಟೇ. ಕಪ್ಪಿಗೆ ಎದುರಿನಿಂದ ಬೆಳಕು ಹೊಡೆದರೆ ಉಪಯೋಗವಿಲ್ಲ, ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ನೂಲಿನ ಎಳೆ ಎದ್ದು ಕಾಣುತ್ತದೆ, ಅಂಚು ಬೇರೆಯಾಗುತ್ತದೆ. ಇದು ನನಗೆ ಗೊತ್ತಿತ್ತು. ಕರಿ ಕೋಟು ಹಾಕಿದ ಮದುಮಗಂದಿರು ಕಲಿಸಿದ ಪಾಠ.

ಸುರಾಹಿಯ ಎಣ್ಣೆ ಸೆರಗಿಗೆ ತಾಗದ ಹಾಗೆ ಬಾಯಿಗೆ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಚ್ಚಿದೆವು. ಮಾಮಾ ಏಣಿ ಹತ್ತಿ ಸೆರಗಿನ ತುದಿಯನ್ನು ಒಳಗೆ ಬಿಟ್ಟು ಕಲ್ಲು ಕಟ್ಟಿದರು. ತೋಪ ತೆನೆಯ ಸಾಲು ಸರಿಯಾಗಿ ಬಾಯಿಯ ಅಂಚಿನಲ್ಲಿ ಬರುವ ಹಾಗೆ ಅವಳು ಕೆಳಗಿನಿಂದ ಹೇಳುತ್ತಿದ್ದಳು. "ಇನ್ನ ಎರಡ್ ಬೆರಳು ಮ್ಯಾಲ, ಮಾಮಾ. ಸಾಕ್ ಸಾಕ್." ಬಿಳಿ ಗೋಪುರಗಳು ಸುರಾಹಿಯ ಬಾಯಿಂದ ಒಂದೊಂದಾಗಿ ಹೊರಗೆ ಬಂದಂತೆ ಕಂಡವು. ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ, 35 ಎಂಎಂ ಲೆನ್ಸ್.

6:50ಕ್ಕೆ ಗಾಳಿ ಎದ್ದಿತು. ಸೆರಗು ಹಾಯಿಯ ಹಾಗೆ ಉಬ್ಬಿತು, ಸುರಾಹಿ ವಾಲಿತು. ನಾನು ಫ್ಲಾಶ್ ಬಿಟ್ಟು ಓಡಿ ಬೆನ್ನು ಕೊಟ್ಟೆ. ಅವಳು ಕೂಗಿದ್ದು ನನಗೆ ಪೆಟ್ಟಾಯಿತಾ ಅಂತಲ್ಲ. "ಹಂಗೇ ನಿಂದ್ರಿ ಕಾಕಾ, ಹಿಂದೆ ಬಗ್ರಿ!" ಫ್ಲೆಕ್ಸ್‌ಗೆ ಹೋದ ಫೋಟೊ ಅದೇ. ಸುರಾಹಿಯ ಹಿಂದೆ ನಾನಿದ್ದೇನೆ, ಕಾಣುವುದಿಲ್ಲ. ಸೆರಗಿನ ಕೆಂಪು ನೆರಳು ಹುಡುಗಿಯ ಕೆನ್ನೆ ಮೇಲೆ ಬಿದ್ದಿದೆ. ಕಂಪ್ಯೂಟರ್‌ನಲ್ಲಿ ಮಾಡಿದ್ದು ಇಷ್ಟೇ: ಮೂಲೆಯಲ್ಲಿ ಸಿಕ್ಕಿದ್ದ ಏಣಿಯ ಕಾಲು ಅಳಿಸಿದ್ದು.

ಉಳಿದ ಫೋಟೊಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂಬತ್ತು ಸಾದಾ ಫೋಟೊ, ಬಿಳಿ ಗೋಡೆ ಮುಂದೆ, ಬಣ್ಣ ತಪ್ಪದ ಹಾಗೆ ಗ್ರೇ ಕಾರ್ಡ್ ಇಟ್ಟು ತೆಗೆದವು. ಆನ್‌ಲೈನ್‌ನಲ್ಲಿ ಬಣ್ಣ ಬೇರೆ ಕಂಡರೆ ಸೀರೆ ವಾಪಸ್ ಬರುತ್ತದೆ. ಅಂಗಡಿ ನಡೆಯುವುದು ಅವುಗಳಿಂದಲೇ. ಕಥೆಯ ಫೋಟೊ ಮೂರು, ಅದರಲ್ಲಿ ಸುರಾಹಿಯ ಒಳಗಿನಿಂದ ಹುಡುಗಿ ಇಣುಕುವ ಒಂದು ನನಗೆ ಈಗಲೂ ಹಿಡಿಸಿಲ್ಲ. ಅದು ಜಾಹೀರಾತಿನ ಹಾಗಿದೆ. ಅವಳಿಗೆ ಹೇಳಿದೆ, ಅವಳು ಜಾಹೀರಾತೇ ಅಲ್ವಾ ಅಂದಳು.

ಡಿಸೆಂಬರ್‌ನಲ್ಲಿ ದುಡ್ಡು ತರಲು ಇಬ್ಬರೂ ಕಲಬುರಗಿಗೆ ಹೋಗಿದ್ದೆವು. ಅಂಗಡಿ ಮುಂದೆ ಹತ್ತಡಿ ಫ್ಲೆಕ್ಸ್. ಹುಡುಗಿಯರು ಅದರ ಮುಂದೆ ಸೆಲ್ಫಿ ತಗೊಳ್ಳುತ್ತಿದ್ದರು. ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದರು. ಕತ್ತೆತ್ತಿ ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಏನೋ ಅಳೆದರು, ಸುರಾಹಿಯ ಬಾಯಿಯಿಂದ ಹುಡುಗಿಯ ಕಾಲಿನ ತನಕ. ಆಮೇಲೆ ಒಳಗೆ ಬಂದು ಅಕ್ಕನನ್ನು ಕೇಳಿದರು:

"ಯವ್ವಾ, ಅದು ಹದಿನೆಂಟು ಮೊಳದ್ದು ಅಲ್ಲೇನು? ಅಂಥಾದು ಅದ ಏನ್ ನಿಮ್ಮಲ್ಲಿ?"

ಅಕ್ಕ ನಮ್ಮ ಮುಖ ನೋಡಿದರು. ಇದ್ದದ್ದು ಅದೊಂದೇ. ಕಪಾಟಿನಿಂದ ತೆಗೆದು ಬಿಡಿಸಿದರು. ಸೆರಗಿನ ತುದಿಯಲ್ಲಿ, ಎರಡನೇ ಗೋಪುರದ ಪಕ್ಕ, ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ಪ್ಲಾಸ್ಟಿಕ್ ಹಾಳೆ ಅಲ್ಲೊಂದು ಕಡೆ ಜಾರಿತ್ತು ಅಂತ ಕಾಣುತ್ತದೆ. ನಮ್ಮ ಹುಡುಗಿ ನನ್ನ ಹಿಂದೆ ಸರಿದಳು.

ಅಜ್ಜಿ ಸೆರಗನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಶೇಂಗಾ ಎಣ್ಣಿ. ಕಡ್ಲಿ ಹಿಟ್ಟ ಹಚ್ಚಿದ್ರ ಹೋಗ್ತದ." ಸೀರೆಯನ್ನು ಮೊಣಕಾಲ ಮೇಲೆ ಮಡಿಸಿ ಇಟ್ಟುಕೊಂಡರು. "ಇನ್ನೂರು ಕಮ್ಮಿ ಮಾಡ್ರಿ."